ಕೋಳಿ ಹೊಟ್ಟೆಯ ಹುಳ, ಕೇರಿಯ ನೆಲ

ಭೂಮಿ ಕೇಳುವವರು, ಹಾಸ್ಟೆಲಿನ ಅನ್ನಕ್ಕಾಗಿ ಧರಣಿ ಕೂರುವವರು ಕೋಳಿ ಹೊಟ್ಟೆಯ ಹುಳದ ಬಗ್ಗೆ ಬರೀತಾರಾ ಅಂತ ನಗಬೇಡಿ. ನಮ್ಮ ಕೇರಿಗಳಲ್ಲಿ ಪಹಣಿ ಬೇಡದ, ಯಾವ ಗೌಡನ ಹಂಗೂ ಇಲ್ಲದ ಆಸ್ತಿ ಅಂದರೆ ಅವ್ವಂದಿರ ಕೋಳಿ. ಮೊಟ್ಟೆ ಮಾರಿದ ಕಾಸು ಸೆರಗಿನ ಗಂಟಿಗೆ ಬಿದ್ದು, ಅಲ್ಲಿಂದ ನಮ್ಮ ಬಸ್ ಚಾರ್ಜು, ಪರೀಕ್ಷೆ ಫೀಜು ಆಗುತ್ತದೆ.

ಆ ಕೋಳಿ ಸೊರಗುತ್ತದೆ. ಜುಟ್ಟು ಬಿಳಿಚುತ್ತದೆ, ಎಷ್ಟು ತಿಂದರೂ ಎದೆಮೂಳೆ ಕೈಗೆ ಸಿಗುತ್ತದೆ, ಮೊಟ್ಟೆ ನಿಲ್ಲುತ್ತದೆ. ದೃಷ್ಟಿ ಅಂತಾರೆ, ಮಾರಿಯ ಮುನಿಸು ಅಂತಾರೆ. ಬಹಳ ಸಲ ಅದು ಹುಳ. ಜಂತುಹುಳದ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಬೆಚ್ಚಗಿನ ತೇವದಲ್ಲಿ ಎರಡು ಮೂರು ವಾರಕ್ಕೆ ಬಲಿತು, ಕೆದಕಿ ತಿನ್ನುವ ಇನ್ನೊಂದು ಕೋಳಿಯ ಹೊಟ್ಟೆ ಸೇರುತ್ತದೆ. ಲಾಡಿಹುಳ ಇರುವೆ, ದುಂಬಿಗಳ ಒಳಗೆ ಕೂತು ಬರುತ್ತದೆ. ಉಣ್ಣೆಯಂತೂ ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಅಂಥವರನ್ನು ನಾವು ಬಲ್ಲೆವು. ನಾಟಿ ಕೋಳಿಯಾಗಲಿ, ಹೆಬ್ಬಾಳದ ಗಿರಿರಾಜ ತಳಿಯಾಗಲಿ, ಹುಳ ಜಾತಿ ನೋಡೋದಿಲ್ಲ.

ಔಷಧಿ ಇದೆ. ಪೈಪರಜೀನ್ ದೊಡ್ಡ ಜಂತುಹುಳಕ್ಕೆ ನಾಟುತ್ತದೆ, ಲಾಡಿಹುಳಕ್ಕೆ ನಾಟದು. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಇನ್ನೂ ಹಲವು ಹುಳಕ್ಕೆ ಆಗುತ್ತವೆ. ತೂಕಕ್ಕೆ ಎಷ್ಟು ಕೊಡಬೇಕು, ಎಷ್ಟು ದಿನ ಮೊಟ್ಟೆ ತಿನ್ನಬಾರದು, ಕೋಳಿ ಕೊಯ್ಯಬಾರದು ಅನ್ನೋದನ್ನು ಡಾಕ್ಟರನ್ನೇ ಕೇಳಬೇಕು. ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯಾ ಇರಬಹುದು. ಅದಕ್ಕೆ ಔಷಧಿಯೇ ಬೇರೆ. ಕೊಕ್ಕರೆ ರೋಗಕ್ಕೆ ಲಸಿಕೆಯೇ ದಾರಿ.

ಕೇಳೋದು ಎಲ್ಲಿ? ಜನ ಇವತ್ತಿಗೂ ಅದನ್ನು ದನದ ಆಸ್ಪತ್ರೆ ಅಂತಲೇ ಕರೀತಾರೆ. ದನ ಇದ್ದವರು ಒಳಗೆ ನಡೀತಾರೆ. ಕಂಕುಳಲ್ಲಿ ಕೋಳಿ ಹಿಡಿದ ಅವ್ವ ಬಾಗಿಲಲ್ಲಿ ನಿಲ್ಲುತ್ತಾಳೆ. ಗೆಳೆಯರೇ, ರಜೆಗೆ ಹೋದಾಗ ಅವಳ ಜೊತೆ ಒಳಗೆ ಹೋಗೋಣ. ನಾವು ಓದಿರೋದು ಅದಕ್ಕೇ.

ಒಂದೇ ಮನೆಯ ಕೋಳಿಗೆ ಕುಡಿಸಿದರೆ ದಂಡ. ಅದು ಪಕ್ಕದ ಹಿತ್ತಲಲ್ಲಿ ಕೆದಕಿ ಮತ್ತೆ ಹುಳ ತರುತ್ತದೆ. ಇಡೀ ಕೇರಿ ಒಂದೇ ಬೆಳಿಗ್ಗೆ, ಕೋಳಿ ಹೊರಗೆ ಬಿಡುವ ಮುಂಚೆ ಕುಡಿಸಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ. ಗೂಡಿನ ಹಿಕ್ಕೆ ದಿನಾ ಗುಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು, ಬಿರುಕು ಮೆತ್ತಿ ಸುಣ್ಣ ಬಳಿಯಬೇಕು. ಸಂಘಟನೆ ಅನ್ನೋದು ಭಾಷಣಕ್ಕೆ ಮಾತ್ರ ಇರೋದಲ್ಲ.

ಪುಸ್ತಕ ಇನ್ನೊಂದು ಮಾತು ಹೇಳುತ್ತದೆ. ಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ಕೋಳಿ ಮೇಯುವ ಜಾಗ ಬದಲಿಸುತ್ತಿರಿ ಅಂತ. ಯಾವ ಜಾಗಕ್ಕೆ ಸ್ವಾಮಿ? 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. ಕೂಲಿಯಾಳಾಗಿ ದುಡಿದ ನಮ್ಮವರಿಗೆ ಗೇಣಿಯೇ ಇರಲಿಲ್ಲ. ಊರಾಚೆ ಅಂಗೈಯಗಲ ನೆಲದಲ್ಲಿ ಕೋಳಿಯೂ ಮಗುವೂ ಒಟ್ಟಿಗೆ ಆಡುತ್ತವೆ. ಹಾಗೆ ಕೂರಿಸಿದವರೇ ಈಗ ಕೇರಿ ಗಲೀಜು ಅಂತ ಮೂಗು ಮುಚ್ಚುತ್ತಾರೆ. ಹುಳ ಹೆಚ್ಚೋದು ಇಕ್ಕಟ್ಟಿನಲ್ಲಿ. ಆ ಇಕ್ಕಟ್ಟು ನಾವು ಮಾಡಿದ್ದಲ್ಲ.

ಔಷಧಿ ಹೊಟ್ಟೆಯ ಹುಳವನ್ನು ಕೊಲ್ಲುತ್ತದೆ, ನೆಲದಲ್ಲಿರೋದನ್ನು ಕೊಲ್ಲೋದಿಲ್ಲ. ಅದಕ್ಕೇ ಎರಡನ್ನೂ ಕೇಳೋಣ. ಆಸ್ಪತ್ರೆಯಲ್ಲಿ ಔಷಧಿ, ತಾಲ್ಲೂಕು ಕಚೇರಿಯಲ್ಲಿ ಹಿತ್ತಲಿರುವ ನಿವೇಶನ. ಮೊದಲನೆಯದನ್ನು ಈ ರಜೆಯಲ್ಲೇ ಶುರು ಮಾಡಬಹುದು.

ಜೈ ಭೀಮ್.