ಐದನೇ ನಂಬರ್ ರೂಮಲ್ಲಿ ಇಬ್ಬರು

ಹಬ್ಬಕ್ಕೆ ಶಿವಮೊಗ್ಗಕ್ಕೆ ಹೋದಾಗ ಬ್ಯಾಗ್ ಇಳಿಸೋ ಮೊದಲೇ ಅಮ್ಮ ಹೇಳಿದ್ರು, "ನಿಮ್ಮಪ್ಪನ ಕಂಪ್ಯೂಟರಿಗೆ ನೆಟ್ ಒಂದೊಂದ್ಸಲ ಬರತ್ತೆ, ಒಂದೊಂದ್ಸಲ ಬರಲ್ಲ. ನೋಡೋ." ಅಪ್ಪ ಮಾತ್ರ, "ಅದಕ್ಕೇನೂ ಆಗಿಲ್ಲ ಬಿಡು, ನಂಗೇ ಈಗ ಸರಿಯಾಗಿ ತಿಳಿಯಲ್ಲ" ಅಂದು ಸುಮ್ಮನಾದ್ರು.

ನಮ್ಮನೇಲಿ ಮೂರು ಥರದ ಕಂಪ್ಯೂಟರ್‌ಗಳಿವೆ. ಅಪ್ಪನದು ಹಳೇ ವಿಂಡೋಸ್ ಡೆಸ್ಕ್‌ಟಾಪ್, ಇತ್ತೀಚೆಗೆ ಮನೆಯಿಂದಲೇ ಕೆಲಸ ಶುರು ಮಾಡಿದ ತಂಗಿಯದು ಮ್ಯಾಕ್, ನನ್ನದು ಲಿನಕ್ಸ್. ನನ್ನದಕ್ಕೂ ತಂಗಿಯದಕ್ಕೂ ನೆಟ್ ಚೆನ್ನಾಗಿತ್ತು. ಅಂದ್ರೆ ರೂಟರ್ ಸರಿ ಇದೆ, ಲೈನೂ ಸರಿ ಇದೆ.

ಅಪ್ಪನ ಕಂಪ್ಯೂಟರಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದೆ. ನಮ್ಮ ರೂಟರ್ ಕೊಡೋ ಐಪಿ ವಿಳಾಸ 192.168.1 ಅಂತ ಶುರುವಾಗತ್ತೆ. ಇಲ್ಲಿ ಕಂಡಿದ್ದು 169.254. ಹೀಗೆ ಕಂಡ್ರೆ, ಕಂಪ್ಯೂಟರ್ ಸರಿಯಾದ ವಿಳಾಸ ಸಿಗದೆ ತಾನೇ ಒಂದನ್ನು ಇಟ್ಕೊಂಡಿದೆ ಅಂತ ಅರ್ಥ. ಅದನ್ನಿಟ್ಕೊಂಡು ಇಂಟರ್ನೆಟ್ಟಿಗೆ ಹೋಗಕ್ಕಾಗಲ್ಲ.

ಸೆಟ್ಟಿಂಗ್ಸ್ ತೆಗೆದೆ. ಅಲ್ಲಿ ಕೈಯಾರೆ ಬರೆದಿಟ್ಟ ವಿಳಾಸ: 192.168.1.5. ತಂಗಿಯ ಮ್ಯಾಕಲ್ಲಿ ವೈಫೈ ವಿವರ ನೋಡಿದೆ. ಅಲ್ಲೂ 192.168.1.5!

ಮದುವೆ ಛತ್ರ ನೆನೆಸ್ಕೊಳ್ಳಿ. ರೂಮಿನ ಬೀಗದ ಕೈಗಳು ಚಿಕ್ಕಪ್ಪನ ಹತ್ರ ಇರ್ತವೆ, ಯಾರಿಗೆ ಯಾವ ರೂಮು ಅಂತ ಚೀಟಿಯಲ್ಲಿ ಬರ್ಕೊಳ್ತಾರೆ. ಒಬ್ಬರು ಅವರಿಗೆ ಹೇಳದೇ ಐದನೇ ರೂಮು ನಂದು ಅಂದ್ಕೊಂಡು ಹೊರಗೆ ಹೋಗಿದ್ದಾರೆ. ಚೀಟಿಯಲ್ಲಿ ಹೆಸರಿಲ್ಲ, ಚಿಕ್ಕಪ್ಪ ಇನ್ನೊಬ್ಬರಿಗೆ ಅದೇ ಕೀ ಕೊಟ್ಟರು. ಆ ಚಿಕ್ಕಪ್ಪನೇ ರೂಟರಿನ ಡಿಎಚ್‌ಸಿಪಿ. ಮನೇಲಿ ಎರಡು ಮೂರು ಫೋನು ಇದ್ದಾಗ ಐದರವರೆಗೆ ಬಂದೇ ಇರಲಿಲ್ಲ. ತಂಗಿಯ ಮ್ಯಾಕ್ ಬಂತು, ಅಪ್ಪನ ಕಂಪ್ಯೂಟರ್ ಆಫ್ ಇದ್ದಾಗ ಐದು ಅದಕ್ಕೆ ಹೋಯ್ತು.

ಸರಿ, ಹೇಳದೇ ರೂಮು ಹಿಡಿದವರು ಯಾರು? ನಾನೇ. ಎರಡು ವರ್ಷದ ಹಿಂದೆ, ಅಪ್ಪನ ಡೆಸ್ಕ್‌ಟಾಪಿಗೆ ಜೋಡಿಸಿದ ಪ್ರಿಂಟರ್ ಎಲ್ಲರಿಗೂ ಸಿಗಲಿ ಅಂತ ವಿಳಾಸ ಬರೆದಿಟ್ಟು, ಯಾರಿಗೂ ಹೇಳದೇ ಬೆಂಗಳೂರು ಬಸ್ ಹತ್ತಿದ್ದೆ.

ದುರಸ್ತಿ ಹತ್ತು ನಿಮಿಷ. ವಿಂಡೋಸಲ್ಲಿ ವಿಳಾಸ ತಾನಾಗೇ ಪಡೆಯೋ ಆಯ್ಕೆಗೆ ಬದಲಾಯಿಸಿದೆ. ಆಮೇಲೆ ರೂಟರಿನ ಪುಟಕ್ಕೆ ಹೋಗಿ, ಆ ಡೆಸ್ಕ್‌ಟಾಪಿನ ಮ್ಯಾಕ್ ಅಡ್ರೆಸ್ ಕೊಟ್ಟು 192.168.1.20 ಅನ್ನು ಅದಕ್ಕೇ ಕಾಯ್ದಿರಿಸಿದೆ. (ಈ ಮ್ಯಾಕ್ ಬೇರೆ, ತಂಗಿಯ ಮ್ಯಾಕ್ ಬೇರೆ. ಇದು ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರೋ ಗುರುತಿನ ಸಂಖ್ಯೆ.) ಈಗ ಚಿಕ್ಕಪ್ಪನ ಚೀಟಿಯಲ್ಲೇ ಹೆಸರಿದೆ. ಪ್ರಿಂಟರಿಗೆ ಮಾತ್ರ ಹೊಸ ವಿಳಾಸ ಎಲ್ಲರ ಕಂಪ್ಯೂಟರಲ್ಲೂ ಹಾಕಬೇಕಾಯ್ತು.

ಅಪ್ಪನಿಗೆ ಹೇಳಿದೆ, "ತಪ್ಪು ನಿಮ್ಮದಲ್ಲ ಅಪ್ಪ, ನಂದು." ಆಗ ಗೊತ್ತಾಯ್ತು: ತಿಂಗಳಿಂದ ಅವರು ರಾತ್ರಿ ತಂಗಿ ಕೆಲಸ ಮುಗಿಸೋವರೆಗೂ ಕಾದು, ಆಮೇಲೆ ಕರೆಂಟ್ ಬಿಲ್ ಕಟ್ತಾ ಇದ್ರಂತೆ. "ಅವಳು ಮಲಗಿದ ಮೇಲೆ ಬರತ್ತೆ ಅಂತ ಕಂಡುಹಿಡಿದಿದ್ದೆ ಕಣೋ" ಅಂದ್ರು.

ಅರ್ಧ ಸಮಸ್ಯೆ ಅವರೇ ಬಿಡಿಸಿದ್ದರು. ನಾವ್ಯಾರೂ ಕೇಳಿರಲಿಲ್ಲ ಅಷ್ಟೇ. ಹೊರಡುವಾಗ ಯಾವ ವಿಳಾಸ ಯಾರದು ಅಂತ ಒಂದು ಚೀಟಿ ಬರೆದು ರೂಟರ್ ಪಕ್ಕ ಅಂಟಿಸಿದೆ. ನಿಮ್ಮ ಮನೇಲೂ ಒಂದು ಅಂಟಿಸಿ.