ಮೀನಿಗೆ ಮೊದಲು ನೀರು

ವಾಚನಾಲಯದಲ್ಲಿ ಬಣ್ಣದ ಮೀನುಗಳ ಗಾಜಿನ ತೊಟ್ಟಿಯೊಂದನ್ನು ಇಡಬೇಕೆಂಬ ಸಲಹೆ ಈ ವರ್ಷ ನಮ್ಮ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಬಂದಿತು. ಕೆಲವರು ನಕ್ಕರು. ಫೀಜಿಗೇ ಪರದಾಡುವವರ ಕಾಲೇಜಿನಲ್ಲಿ ಇದು ಸಿರಿವಂತರ ಶೋಕಿಯೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ನಾನು ಸಲಹೆಯ ಪರವಾಗಿದ್ದೇನೆ. ಆದರೆ ಒಂದು ಷರತ್ತಿನ ಮೇಲೆ. ತೊಟ್ಟಿ ಬಂದ ಮೇಲೆ ಒಂದು ತಿಂಗಳಿಗೆ ಕಡಮೆಯಿಲ್ಲದಂತೆ ಅದರಲ್ಲಿ ಒಂದು ಮೀನೂ ಇರಕೂಡದು. ಮೀನಿಲ್ಲದ ಮೀನಿನ ತೊಟ್ಟಿ ಯಾತಕ್ಕೆ ಎಂದು ಕೇಳುವಿರಿ. ಅದಕ್ಕಾಗಿಯೇ ಈ ನಾಲ್ಕು ಮಾತು.

ಸಾಮಾನ್ಯವಾಗಿ ನಡೆಯುವುದೇನು? ತೊಟ್ಟಿ, ಮರಳು, ಗಾಳಿಯ ಪಂಪು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ, ಅದರ ಜೊತೆಗೆ ಹತ್ತು ಮೀನು, ಎಲ್ಲವನ್ನೂ ಅಂಗಡಿಯವರು ಒಂದೇ ಸಂಜೆ ಕಟ್ಟಿಕೊಡುತ್ತಾರೆ. ವಾರ ಹತ್ತು ದಿನಗಳಲ್ಲಿ ಮೀನುಗಳು ಒಂದೊಂದಾಗಿ ತೇಲತೊಡಗುತ್ತವೆ. ಆಗ ಮನೆಯವರು, "ನಮ್ಮ ಕಂಟಕವನ್ನು ಮೀನು ತನ್ನ ಮೇಲೆ ಹೊತ್ತುಕೊಂಡಿತು" ಎಂದು ಸಮಾಧಾನ ಮಾಡಿಕೊಂಡು ಇನ್ನೂ ನಾಲ್ಕು ಮೀನು ತರುತ್ತಾರೆ. ಕೊಂಡವನಿಗೂ ಮಾರಿದವನಿಗೂ ಇಷ್ಟು ಅನುಕೂಲವಾದ ವೇದಾಂತ ಇನ್ನೊಂದಿಲ್ಲ!

ನಿಜವಾಗಿ ಮೀನನ್ನು ಕೊಲ್ಲುವುದು ಅದರದೇ ವಿಸರ್ಜನೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ ಇದು ಲೆಕ್ಕಕ್ಕಿಲ್ಲ. ಗಾಜಿನ ನಾಲ್ಕು ಗೋಡೆಗಳ ನಡುವೆ ಅದು ವಿಷ. ಒಂದು ಜಾತಿಯ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟಾಗಿಸಿದ ಮೇಲೆ ಅಪಾಯ ಬಹಳಮಟ್ಟಿಗೆ ಕಳೆಯುತ್ತದೆ. ಈ ಜೀವಿಗಳು ಅಂಗಡಿಯಿಂದ ತಂದ ಹೊಸ ತೊಟ್ಟಿಯಲ್ಲಿರುವುದಿಲ್ಲ. ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಒಕ್ಕಲು ಮನೆಯಿಂದ ಬಂದವರಿಗೆ ಇದು ಹೊಸ ವಿಷಯವಲ್ಲ. ನಮ್ಮ ತಂದೆಯವರು ಶಾಲೆ ಕಂಡವರಲ್ಲ. ಆದರೆ ಹಸಿ ಸಗಣಿಯನ್ನು ಪೈರಿನ ಬುಡಕ್ಕೆ ಸುರಿದರೆ ಪೈರು ಸುಟ್ಟುಹೋಗುವುದೆಂದೂ, ಗೊಬ್ಬರ ತಿಪ್ಪೆಯಲ್ಲಿ ಕಳಿಯಬೇಕೆಂದೂ ಬಲ್ಲರು. ವಿಜ್ಞಾನದ ಚರಿತ್ರೆಯಲ್ಲಿಯೂ ಈ ಎರಡು ವಿಷಯಗಳು ಒಂದೇ ಮನೆಯಲ್ಲಿ ಕೂಡಿವೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಎರಡು ಚಿನ್ನದ ಮೀನು, ಒಂದಿಷ್ಟು ಜಲಸಸ್ಯ, ಕೆಲವು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಬಾಳಿಸಿದ ಪ್ರಯೋಗವನ್ನು ಪ್ರಕಟಿಸಿದರು. ತಂದೆಯ ಹೆಸರನ್ನೇ ಹೊತ್ತ ಅವರ ಮಗ ಮುಂದೆ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದು, ಹೊಲದ ಮಣ್ಣಿನಲ್ಲಿ ಅಮೋನಿಯಾ ಎರಡು ಹಂತಗಳಲ್ಲಿ ನೈಟ್ರೇಟಾಗುವುದನ್ನು ಅಭ್ಯಸಿಸಿದರು. ತಂದೆಯ ಮೀನಿನ ಪಾತ್ರೆಯಲ್ಲಿ ನಡೆದುದೂ ಮಗನ ಹೊಲದಲ್ಲಿ ನಡೆದುದೂ ಒಂದೇ ಕಾರ್ಯ!

ಆದುದರಿಂದ ಮೊದಲು ಸಾಕಬೇಕಾದುದು ಮೀನನ್ನಲ್ಲ, ನೀರನ್ನು. ಖಾಲಿ ತೊಟ್ಟಿಯಲ್ಲಿ ಶೋಧಕವನ್ನು ಹಗಲಿರುಳೂ ನಡೆಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬೇಕು. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದು ದೊರೆತರೆ ಕೆಲಸ ಬೇಗ ಆದೀತು. ಹಾಲಿಗೆ ಹೆಪ್ಪು ಹಾಕಿದಂತೆ. ನೀರನ್ನು ಪರೀಕ್ಷಿಸುವ ದ್ರಾವಣಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗಿಳಿದ ಮೇಲೆ ನಾಲ್ಕೈದು ಚಿಕ್ಕ ಮೀನುಗಳನ್ನು ಬಿಡಬಹುದು. ಒಮ್ಮೆಗೇ ಹತ್ತು ಬೇಡ.

ಎಂಥ ಮೀನೆಂಬುದು ಊರ ನೀರನ್ನು ಅವಲಂಬಿಸಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಗಪ್ಪಿ, ಮಾಲಿ, ಪ್ಲಾಟಿಗಳು ಸುಖವಾಗಿರುತ್ತವೆ; ಅಮೆಜಾನ್ ಸೀಮೆಯ ಮೃದು ನೀರಿನ ನಿಯಾನ್ ಟೆಟ್ರಾವನ್ನು ಅದರಲ್ಲಿ ಬಿಡುವುದು ಅನ್ಯಾಯ. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರಿನ್ ಕಳೆಯಬೇಕು. ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್ ಬೆರೆಸಿದ ನೀರಾದರೆ ಇದು ಸಾಲದು, ಔಷಧವನ್ನೇ ಬಳಸಬೇಕು. ಉಷ್ಣವಲಯದ ಈ ಮೀನುಗಳಿಗೆ 24ರಿಂದ 27 ಡಿಗ್ರಿ ಶಾಖ ಹಿತ. ಬಯಲುಸೀಮೆಯಲ್ಲಿ ವರ್ಷದ ಹೆಚ್ಚು ಕಾಲ ಹೀಟರಿನ ಗೊಡವೆಯಿಲ್ಲ. ಮಲೆನಾಡಿನ ಚಳಿಗಾಲದ ರಾತ್ರಿಗಳಿಗೆ ಬೇಕಾದೀತು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ನೀರು, ಗಾಜು, ಮರಳು ಸೇರಿ ಅದು ಒಬ್ಬ ಆಳಿನಷ್ಟು ಭಾರ. ವಾಚನಾಲಯದ ಅಲುಗಾಡುವ ಮೇಜುಗಳನ್ನು ಬಲ್ಲವರು ಇದನ್ನು ಗಮನಿಸಬೇಕು. ಇದಕ್ಕಿಂತ ಚಿಕ್ಕದು ಹೊಸಬರಿಗೆ ಸುಲಭವೆಂಬುದು ಭ್ರಮೆ. ನೀರು ಕಡಮೆಯಾದಷ್ಟೂ ಅದು ಬೇಗ ಕೆಡುತ್ತದೆ. ಗುಂಡು ಗಾಜಿನ ಬೋಗುಣಿಯಲ್ಲಿ ಚಿನ್ನದ ಮೀನನ್ನಿಡುವುದಂತೂ ಅಲಂಕಾರದ ಹೆಸರಿನ ಹಿಂಸೆಯೆಂದೇ ನನ್ನ ಅಭಿಪ್ರಾಯ.

ಅನಂತರದ ಕೆಲಸ ಹೆಚ್ಚಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಾಯಿಸಬೇಕು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಹಬ್ಬದ ಹಿಂದಿನ ದಿನ ಮನೆ ತೊಳೆದಂತೆ ಎಲ್ಲವನ್ನೂ ಒಟ್ಟಿಗೆ ತೊಳೆಯುವವರು, ಒಂದು ತಿಂಗಳು ಕಾದು ಬೆಳೆಸಿದುದನ್ನು ಚರಂಡಿಗೆ ಬಿಡುತ್ತಾರೆ.

ಇನ್ನು ಶೋಕಿಯ ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ವಿಷಯವನ್ನು ಹೇಳಿದಾಗ ನಮ್ಮ ತಾಯಿ, "ತಿನ್ನೋಕಲ್ಲ, ಮಾರೋಕಲ್ಲ, ಮತ್ಯಾಕಪ್ಪ ಸಾಕೋದು?" ಎಂದರು. ನ್ಯಾಯವಾದ ಪ್ರಶ್ನೆ. ನೋಡುವುದಕ್ಕೆ ಎಂಬುದೇ ನನ್ನ ಉತ್ತರ. ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಿದೆ. ಕಲಾ ವಿದ್ಯಾರ್ಥಿಗಳಾದ ನಾವು ಪ್ರಕೃತಿಯನ್ನು ಕಾವ್ಯಗಳಲ್ಲಿ ಓದಿ, ಟಿಪ್ಪಣಿ ಬರೆದು, ಪರೀಕ್ಷೆಯಲ್ಲಿ ಒಪ್ಪಿಸುತ್ತೇವೆ. ದಿನವೂ ಕಣ್ಣಿಟ್ಟು ನೋಡಿ ಗುರುತು ಹಾಕಿಕೊಳ್ಳಬಹುದಾದ ಒಂದು ಜೀವಂತ ವಸ್ತು ನಮಗೂ ಬೇಡವೆ?

ನನ್ನನ್ನು ನಿಜವಾಗಿ ಕಾಡುವುದು ಖರ್ಚಲ್ಲ, ರಜೆ. ಆರೋಗ್ಯವಾಗಿರುವ ದೊಡ್ಡ ಮೀನುಗಳು ನಾಲ್ಕೈದು ದಿನ ಉಪವಾಸವಿರಬಲ್ಲವು. ಬೇಸಗೆ ರಜೆಯನ್ನು ದಾಟಲಾರವು. ಆ ಹೊರೆಯನ್ನು ಅಟೆಂಡರಣ್ಣನ ತಲೆಗೆ ಕಟ್ಟಿ ನಾವು ಊರಿಗೆ ಹೋಗುವುದು ಸರಿಯಲ್ಲ. ಇದೇ ಊರಿನಲ್ಲಿರುವ ನಾಲ್ವರು ವಿದ್ಯಾರ್ಥಿಗಳ ಹೆಸರನ್ನು ಸರದಿಯ ಪ್ರಕಾರ ಮೊದಲೇ ಬರೆದಿಟ್ಟು, ಆಮೇಲೆ ಸಂಘ ಹಣ ಮಂಜೂರು ಮಾಡಲಿ. ಸಾಕಲಾರದ ದಿನ ಬಂದರೆ ಮೀನುಗಳನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ಬೇರೆ ತೊಟ್ಟಿಯುಳ್ಳವರಿಗೆ ಕೊಡಬೇಕು. ಪುಣ್ಯವೆಂದು ಕೆರೆಗೆ ಬಿಡಕೂಡದು. ಗಾಜನ್ನು ಶುಚಿಮಾಡಲೆಂದು ಜನ ಕೊಳ್ಳುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹಾಗೆ ಹೊರಬಿದ್ದು ಭಾರತದ ಹಲವು ಕೆರೆ ನದಿಗಳಲ್ಲಿ ಬೇರೂರಿದೆ; ಅದರ ಮುಳ್ಳುಮೈಗೆ ಸಿಕ್ಕಿ ಹರಿದ ಬಲೆಗಳನ್ನು ಹೊಲಿಯುತ್ತ ಕೂರುವವರು ಬೆಸ್ತರು.