ಹೆಬ್ಬೆರಳು ಒಪ್ಪದಿದ್ದಾಗ

ನವೆಂಬರ್ ಬಂತೆಂದರೆ ನಮ್ಮ ದೊಡ್ಡಪ್ಪನಿಗೆ ಕಿರಿಕಿರಿ ಶುರು. ತಾನಿನ್ನೂ ಬದುಕಿದ್ದೇನೆ ಎಂದು ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದಮೇಲೆ ಹೆಬ್ಬೆರಳು ಒತ್ತಿದರೆ ಸಾಕು ಎಂದರು. ಹೋದ ವರ್ಷ ಮೂರು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಬೆರಳನ್ನು ಪಂಚೆಗೆ ಒರೆಸಿ ಮತ್ತೊಮ್ಮೆ ಒತ್ತಿದರು. ಊಹೂಂ. “ಬದುಕಿರೋದೇನೋ ನಿಜ, ಆದರೆ ನಾನು ನಾನಲ್ಲವಂತೆ” ಎಂದು ನಕ್ಕರು.

ವಯಸ್ಸಾದಂತೆ ಬೆರಳಿನ ಗೆರೆ ಸವೆಯುತ್ತದೆ, ಅಷ್ಟೇ. ಆದರೆ ಅವರ ಮಾತು ತಮಾಷೆಯಷ್ಟೇ ಆಗಿರಲಿಲ್ಲ. ಐವತ್ತು ವರ್ಷದ ಹಿಂದೆ ನೌಕರಿಗೆ ಸೇರಿದ ಹುಡುಗ ಮತ್ತು ಈ ಮುದುಕ ಒಬ್ಬರೇ ಎಂದು ಹೇಳುವುದು ಯಾವ ಆಧಾರದ ಮೇಲೆ?

ಮೊದಲು ಹೊಳೆಯುವುದು ದೇಹ. ಏಳು ವರ್ಷಕ್ಕೊಮ್ಮೆ ಇಡೀ ಮೈ ಹೊಸದಾಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದು ಅರ್ಧಸತ್ಯ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ನಿಜ. ಆದರೆ ಮಿದುಳಿನ ಹೊರಪದರದ ನರಕೋಶಗಳು ಹೆಚ್ಚುಕಡಿಮೆ ನಮ್ಮಷ್ಟೇ ಹಳೆಯವು. ಇದು ಗೊತ್ತಾದ ಬಗೆ ವಿಚಿತ್ರ. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಇಂಗಾಲ-14 ತುಂಬಿದವು. ಅದು ಬೆಳೆಯ ಮೂಲಕ ಅನ್ನಕ್ಕೆ, ಅನ್ನದಿಂದ ಡಿಎನ್‌ಎಗೆ ಸೇರಿತು. 1963ರ ನಿಷೇಧ ಒಪ್ಪಂದದ ನಂತರ ಅದರ ಪ್ರಮಾಣ ವರ್ಷವರ್ಷವೂ ಇಳಿಯಿತು. ಆ ಗುರುತನ್ನೇ ಹಿಡಿದು ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಕೋಶಗಳ ಹುಟ್ಟಿದ ವರ್ಷ ಲೆಕ್ಕಹಾಕಿತು. ಹಾಗಿದ್ದರೂ ಆ ನರಕೋಶದೊಳಗಿನ ಪ್ರೋಟೀನುಗಳೂ ಬಹುಪಾಲು ಬದಲಾಗುತ್ತಲೇ ಇರುತ್ತವೆ. ಮನೆ ಹಳೆಯದು, ಇಟ್ಟಿಗೆ ಹೊಸದು.

ಹಾಗಾದರೆ ನೆನಪೇ ‘ನಾನು’ ಇರಬಹುದೆ? 1694ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಹೆಚ್ಚುಕಡಿಮೆ ಹೀಗೇ ವಾದಿಸಿದ. 1785ರಲ್ಲಿ ಥಾಮಸ್ ರೀಡ್ ಅದಕ್ಕೊಂದು ತೊಡಕು ತೋರಿಸಿದ. ಹಣ್ಣು ಕದ್ದು ಏಟು ತಿಂದ ಹುಡುಗ ದೊಡ್ಡವನಾಗಿ ಸೇನಾಧಿಕಾರಿಯಾಗುತ್ತಾನೆ. ಆಗ ಅವನಿಗೆ ಏಟಿನ ನೆನಪಿದೆ. ಮುಂದೆ ಜನರಲ್ ಆದಾಗ ಅಧಿಕಾರಿಯ ದಿನಗಳು ನೆನಪಿವೆ, ಏಟು ಮರೆತಿದೆ. ಹುಡುಗನೇ ಅಧಿಕಾರಿ, ಅಧಿಕಾರಿಯೇ ಜನರಲ್; ಆದರೂ ಹುಡುಗ ಮಾತ್ರ ಜನರಲ್ ಅಲ್ಲ ಎಂದಾಗುತ್ತದಲ್ಲ!

ನಮ್ಮ ಗಿರೀಶ ಕಾರ್ನಾಡರ ‘ಹಯವದನ’ ನಾಟಕ ಈ ಗಂಟನ್ನು ಇನ್ನಷ್ಟು ಬಿಗಿಮಾಡುತ್ತದೆ. ದೇವದತ್ತ ಮತ್ತು ಕಪಿಲರ ತಲೆಗಳು ಅದಲುಬದಲಾದಾಗ, ದೇವದತ್ತನ ಹೆಂಡತಿಗೆ ಈಗ ಗಂಡ ಯಾರು ಎಂಬ ಪ್ರಶ್ನೆಗೆ ಋಷಿಯ ತೀರ್ಪು ಸರಳ: ದೇವದತ್ತನ ತಲೆ ಯಾರಿಗಿದೆಯೋ ಅವನೇ ಗಂಡ. ಆದರೆ ಕಪಿಲನ ತಲೆಗೆ ಅಂಟಿದ ಆ ಮೈಗೆ ತನ್ನದೇ ನೆನಪುಗಳಿವೆ, ತಲೆಗೆ ಗೊತ್ತಿಲ್ಲದ ಸ್ಪರ್ಶಗಳು. ಸೈಕಲ್ ಬಿಟ್ಟು ಮೂವತ್ತು ವರ್ಷವಾದವರ ಕಾಲಿಗೂ ಪೆಡಲ್ ನೆನಪಿರುವುದನ್ನು ಕಂಡವರಿಗೆ ಇದು ಬರೀ ಕಥೆ ಅನ್ನಿಸದು.

ನನಗೆ ಹೆಚ್ಚು ಹಿಡಿಸುವುದು ಪಾಲಿಯ ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಕೊಡುವ ಉತ್ತರ. ರಾತ್ರಿಯಿಡೀ ಉರಿವ ದೀಪದ ಮೊದಲ ಜಾವದ ಜ್ವಾಲೆ ಮತ್ತು ಕೊನೆಯ ಜಾವದ ಜ್ವಾಲೆ ಒಂದೇ ಅಲ್ಲ. ಹಾಗಂತ ದೀಪ ಬೇರೆಯೂ ಅಲ್ಲ. ಒಂದರಿಂದ ಒಂದು ಹೊತ್ತಿಕೊಳ್ಳುತ್ತ ಹೋಗುವ ಸಾಲು ಅದು. ಅವನು ಹೇಳದ ಒಂದು ಮಾತನ್ನು ನಾನು ಸೇರಿಸುತ್ತೇನೆ: ಆ ದೀಪಕ್ಕೆ ಯಾರೋ ಎಣ್ಣೆ ಹಾಕುತ್ತಿರಬೇಕು. ಮರೆವಿನ ಕಾಯಿಲೆಯ ಕೊನೆಯ ವರ್ಷಗಳಲ್ಲಿ ನನ್ನ ಅಜ್ಜಿಗೆ ತನ್ನ ಹೆಸರೇ ಗೊತ್ತಿರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ, ಎಲ್ಲವನ್ನೂ ಅವಳ ಪರವಾಗಿ ನಾವು ನೆನಪಿಟ್ಟಿದ್ದೆವು.

ಕೊನೆಗೆ ದೊಡ್ಡಪ್ಪನಿಗೆ ಕಾಗದದ ಅರ್ಜಿಯೇ ಗತಿಯಾಯಿತು. ಅಲ್ಲೂ ಪೇಚು. ಕಡತದಲ್ಲಿದ್ದದ್ದು 1978ರ ಸಹಿ. ಈಗ ಕೈ ನಡುಗುತ್ತದೆ, ಸೊಟ್ಟ ಬರುತ್ತದೆ. ಈ ಸಲ ಅಕ್ಟೋಬರ್‌ನಲ್ಲೇ ಶುರುಮಾಡಿದ್ದಾರೆ. ಬೆಳಿಗ್ಗೆ ಪೇಪರ್ ಓದಿ ಮುಗಿಸಿ, ಅದರ ಅಂಚಿನ ಖಾಲಿ ಜಾಗದಲ್ಲಿ ತಮ್ಮದೇ ಹಳೆಯ ಸಹಿಯನ್ನು ಮತ್ತೆ ಮತ್ತೆ ತಿದ್ದುತ್ತಾರೆ.